ಪ್ಲಾನ್ ಓದದೆ ‘ಯೆಸ್’ ಅನ್ನಬೇಡಿ: ಸರ್ವರ್, ಡೇಟಾಬೇಸ್ ನಡೆಸುವ ಡಿಕ್ಲೇರೇಟಿವ್ ಟೂಲ್‌ಗಳ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ)



ಇವತ್ತಿನ ಸಂಚಿಕೆ ಸಾಫ್ಟ್‌ವೇರ್ ಕೆಲಸದಲ್ಲಿ ಇರೋರಿಗೆ, ಅದಕ್ಕಿಂತ ಹೆಚ್ಚಾಗಿ ಆ ಕೆಲಸಕ್ಕೆ ಸೇರಬೇಕು ಅಂತ ಓದ್ತಾ ಇರೋರಿಗೆ. ಸರ್ವರ್, ನೆಟ್‌ವರ್ಕ್, ಡೇಟಾಬೇಸ್ ಇವೆಲ್ಲ ಹೇಗಿರಬೇಕು ಅಂತ ಒಂದು ಫೈಲ್‌ನಲ್ಲಿ ಬರೆದಿಟ್ಟು, ಉಳಿದಿದ್ದನ್ನು ಟೂಲ್‌ಗೆ ಬಿಡುವ ರೀತಿಯೊಂದಿದೆ. ಇದಕ್ಕೆ ಡಿಕ್ಲೇರೇಟಿವ್ ಅಂತಾರೆ. ಟೆರಾಫಾರ್ಮ್, ಕುಬರ್ನೆಟೀಸ್, ಅಟ್ಲಾಸ್ ಅನ್ನೋ ಹೆಸರುಗಳನ್ನು ಕೆಲಸದ ಜಾಹೀರಾತುಗಳಲ್ಲಿ ನೀವು ನೋಡಿರ್ತೀರಿ. ಕೋಡ್ ಬರೆಯದವರಿಗೂ ಅರ್ಥ ಆಗೋ ಹಾಗೆ ಹೇಳೋಕೆ ಪ್ರಯತ್ನ ಮಾಡ್ತೀನಿ. ಯಾಕಂದ್ರೆ ನೀವು ದಿನಾ ಬಳಸೋ ಆ್ಯಪ್‌ಗಳ ಹಿಂದಿನ ಡೇಟಾ ಉಳಿಯೋದೂ ಹೋಗೋದೂ ಎಷ್ಟೋ ಸಲ ಇಂಥದ್ದೊಂದು ಫೈಲ್‌ನ ಒಂದು ಸಾಲಿನ ಮೇಲೆ ನಿಂತಿರುತ್ತೆ.

ಮೋಟರ್ ಹಾಕೋದು ಯಾರು?

ಮೊದಲು ನೀರಿನ ಟ್ಯಾಂಕ್‌ನಿಂದ ಶುರು ಮಾಡೋಣ. ಕೆಳಗೆ ಸಂಪು, ಮೇಲೆ ಟ್ಯಾಂಕ್, ನಡುವೆ ಮೋಟರ್. ಮನೇಲಿ ಅಮ್ಮ ಹೇಳ್ತಾರೆ, ‘ಇಪ್ಪತ್ತು ನಿಮಿಷ ಮೋಟರ್ ಹಾಕು’ ಅಂತ. ಇದು ಆದೇಶ. ಟ್ಯಾಂಕ್ ಖಾಲಿ ಇದ್ದಾಗ ಈ ಆದೇಶ ಸರಿ. ಆಗಲೇ ಅರ್ಧ ತುಂಬಿದ್ರೆ? ನೀರು ಉಕ್ಕಿ ರಸ್ತೆಗೆ ಹರಿಯುತ್ತೆ. ಅಣ್ಣ ಒಂದ್ಸಲ, ತಂಗಿ ಒಂದ್ಸಲ ಹಾಕಿದ್ರೂ ಅದೇ ಕಥೆ. ಆದೇಶಕ್ಕೆ ಈಗಿನ ಪರಿಸ್ಥಿತಿ ಗೊತ್ತಿರಲ್ಲ.

ಅದೇ ಮನೆಗೆ ಒಂದು ಆಟೋಮ್ಯಾಟಿಕ್ ಕಂಟ್ರೋಲರ್ ಹಾಕಿಸಿದ್ರೆ, ಅದಕ್ಕೆ ಹೇಳೋದು ಒಂದೇ ಮಾತು: ಟ್ಯಾಂಕ್ ತುಂಬಿರಬೇಕು. ನೀರು ಕಮ್ಮಿ ಆದ್ರೆ ಅದೇ ಮೋಟರ್ ಹಾಕುತ್ತೆ, ತುಂಬಿದ್ರೆ ಆಫ್ ಮಾಡುತ್ತೆ. ಹತ್ತು ಸಲ ಅದೇ ಮಾತು ಹೇಳಿದ್ರೂ ತೊಂದರೆ ಇಲ್ಲ, ತುಂಬಿದ ಟ್ಯಾಂಕ್ ತುಂಬಿದ ಹಾಗೇ ಇರುತ್ತೆ.

ಕನ್ನಡದಲ್ಲಿ ಈ ವ್ಯತ್ಯಾಸ ಎರಡು ಪದಗಳಲ್ಲೇ ಗೊತ್ತಾಗುತ್ತೆ. ಒಂದು ‘ಮಾಡು’, ಇನ್ನೊಂದು ‘ಇರಬೇಕು’. ಸರ್ವರ್ ಸೇರಿಸು, ಈ ಸಾಫ್ಟ್‌ವೇರ್ ಹಾಕು, ಆ ಪೋರ್ಟ್ ತೆಗಿ ಅಂತ ಸಾಲುಸಾಲಾಗಿ ಹೇಳೋದು ಮೊದಲನೇ ರೀತಿ. ಮೂರು ಸರ್ವರ್ ಇರಬೇಕು, ಅವುಗಳಲ್ಲಿ ಇಂಥ ಸಾಫ್ಟ್‌ವೇರ್ ಇರಬೇಕು ಅಂತ ಬರೆಯೋದು ಎರಡನೇ ರೀತಿ. ಈಗ ಎಷ್ಟಿವೆ, ಎಷ್ಟು ಸೇರಿಸಬೇಕು, ಯಾವುದನ್ನು ಮೊದಲು ಮಾಡಬೇಕು ಅನ್ನೋದನ್ನ ಟೂಲ್ ಲೆಕ್ಕ ಹಾಕುತ್ತೆ.

ಇದೇನೂ ತೀರಾ ಹೊಸ ವಿಚಾರ ಅಲ್ಲ. ನೀವು ಕಾಲೇಜಲ್ಲಿ ಕಲಿಯೋ ಎಸ್‌ಕ್ಯೂಎಲ್ ಕೂಡ ಇದೇ ಜಾತಿಯದ್ದು. 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ರಿಲೇಷನಲ್ ಮಾಡೆಲ್ ಬಗ್ಗೆ ಪ್ರಬಂಧ ಬರೆದರು. 1974ರಲ್ಲಿ ಅಲ್ಲಿನವರೇ ಆದ ಡಾನ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಅದಕ್ಕೊಂದು ಭಾಷೆ ಕೊಟ್ಟರು. ಶಿವಮೊಗ್ಗದ ಗ್ರಾಹಕರ ಪಟ್ಟಿ ಬೇಕು ಅಂತ ನೀವು ಹೇಳ್ತೀರಿ. ಡಿಸ್ಕ್‌ನಲ್ಲಿ ಎಲ್ಲಿ ಹುಡುಕಬೇಕು, ಯಾವ ಇಂಡೆಕ್ಸ್ ಬಳಸಬೇಕು ಅನ್ನೋದನ್ನ ಡೇಟಾಬೇಸೇ ನಿರ್ಧರಿಸುತ್ತೆ. ವಿಚಿತ್ರ ಏನಂದ್ರೆ, ಡೇಟಾ ಕೇಳೋದು ಈ ರೀತಿಗೆ ಬಂದು ದಶಕಗಳಾದರೂ ಆ ಡೇಟಾಬೇಸ್ ಕೂತಿರೋ ಸರ್ವರ್ ನಡೆಸೋದು ಮಾತ್ರ ತುಂಬಾ ಕಾಲ ‘ಮಾಡು, ಮಾಡು’ ಅನ್ನೋ ರೀತಿಯಲ್ಲೇ ಇತ್ತು.

ಎಂಟು ಸರ್ವರ್‌ಗಳಲ್ಲಿ ಒಂದು

ಕೈಯಿಂದ ಮಾಡಿದ್ರೆ ಏನು ತೊಂದರೆ? ಇದಕ್ಕೆ ಉತ್ತರವಾಗಿ ಅಮೆರಿಕದ ಒಂದು ಘಟನೆ ಹೇಳ್ತೀನಿ.

ನೈಟ್ ಕ್ಯಾಪಿಟಲ್ ಅನ್ನೋದು ಅಲ್ಲಿನ ದೊಡ್ಡ ಷೇರು ವಹಿವಾಟು ಸಂಸ್ಥೆಯಾಗಿತ್ತು. 2012ರ ಆಗಸ್ಟ್ 1ರಂದು ನ್ಯೂಯಾರ್ಕ್ ಸ್ಟಾಕ್ ಎಕ್ಸ್‌ಚೇಂಜ್‌ನಲ್ಲಿ ಒಂದು ಹೊಸ ವ್ಯವಸ್ಥೆ ಶುರುವಾಗೋದಿತ್ತು. ಅದಕ್ಕೆ ಬೇಕಾದ ಹೊಸ ಕೋಡನ್ನು ಸಂಸ್ಥೆಯವರು ತಮ್ಮ ಎಂಟು ಸರ್ವರ್‌ಗಳಿಗೆ ಹಾಕಬೇಕಿತ್ತು. ಏಳಕ್ಕೆ ಹಾಕಿದರು, ಎಂಟನೆಯದು ಬಿಟ್ಟುಹೋಯ್ತು. ಆ ಒಂದು ಸರ್ವರ್‌ನಲ್ಲಿ ಎಷ್ಟೋ ವರ್ಷದ ಹಿಂದೆ ಬಳಕೆ ನಿಂತಿದ್ದ ಹಳೆಯ ಕೋಡ್ ಹಾಗೇ ಕೂತಿತ್ತು.

ಮಾರುಕಟ್ಟೆ ತೆರೆಯಿತು. ಹೊಸ ಸೂಚನೆ ಬಂದ ತಕ್ಷಣ ಎಂಟನೇ ಸರ್ವರ್‌ನಲ್ಲಿ ಮಲಗಿದ್ದ ಹಳೆ ಕೋಡ್ ಎದ್ದು ಕೂತಿತು, ನಿಲ್ಲದೆ ಆರ್ಡರ್ ಕಳಿಸೋಕೆ ಶುರು ಮಾಡಿತು. ಸುಮಾರು 45 ನಿಮಿಷದಲ್ಲಿ 40 ಲಕ್ಷಕ್ಕೂ ಹೆಚ್ಚು ವಹಿವಾಟು ನಡೆದುಹೋಯ್ತು. ಅಮೆರಿಕದ ಷೇರು ನಿಯಂತ್ರಣ ಆಯೋಗದ ಪ್ರಕಾರ ನಷ್ಟ 46 ಕೋಟಿ ಡಾಲರ್‌ಗೂ ಹೆಚ್ಚು. ಗಾಬರಿಯಲ್ಲಿ ತಂತ್ರಜ್ಞರು ಇನ್ನೊಂದು ಕೆಲಸ ಮಾಡಿದರು. ಹೊಸ ಕೋಡ್‌ನಲ್ಲೇ ತೊಂದರೆ ಇದೆ ಅಂದುಕೊಂಡು, ಸರಿಯಾಗಿದ್ದ ಏಳು ಸರ್ವರ್‌ಗಳಿಂದಲೂ ಅದನ್ನು ತೆಗೆದರು. ಆಗ ಎಂಟಕ್ಕೆ ಎಂಟೂ ಕೆಟ್ಟ ದಾರಿ ಹಿಡಿದವು. ಮುಂದಿನ ವರ್ಷ ಆ ಸಂಸ್ಥೆ ಇನ್ನೊಂದು ಸಂಸ್ಥೆಯ ಜೊತೆ ವಿಲೀನವಾಯ್ತು.

ಇಲ್ಲಿ ಯಾರನ್ನೋ ಬೈಯೋದು ಸುಲಭ. ಆದರೆ ಪ್ರಶ್ನೆ ಬೇರೆ ಇದೆ. ‘ಎಂಟೂ ಸರ್ವರ್ ಒಂದೇ ಥರ ಇರಬೇಕು’ ಅನ್ನೋ ಮಾತು ಎಲ್ಲಿ ಬರೆದಿತ್ತು? ಅದನ್ನು ನಿಜಸ್ಥಿತಿಯ ಜೊತೆ ಹೋಲಿಸಿ ನೋಡೋ ಕೆಲಸ ಯಾರದ್ದಾಗಿತ್ತು? ಆಯೋಗದ ಆದೇಶದಲ್ಲಿ ಹೇಳಿರೋ ಹಾಗೆ, ಇನ್ನೊಬ್ಬರು ಅದನ್ನು ಪರಿಶೀಲಿಸಬೇಕು ಅನ್ನೋ ಲಿಖಿತ ನಿಯಮವೇ ಅಲ್ಲಿ ಇರಲಿಲ್ಲ. ಬರೆದದ್ದು ಒಂದು, ಇರೋದು ಇನ್ನೊಂದು ಆಗೋದಕ್ಕೆ ನಮ್ಮ ಫೀಲ್ಡಲ್ಲಿ ಡ್ರಿಫ್ಟ್ ಅಂತಾರೆ. ಡಿಕ್ಲೇರೇಟಿವ್ ಟೂಲ್‌ಗಳು ಹುಟ್ಟಿದ್ದೇ ಈ ಡ್ರಿಫ್ಟ್ ಹಿಡಿಯೋಕೆ.

ಫೈಲ್, ನೆನಪು, ನಿಜಸ್ಥಿತಿ

ಈ ದಾರಿಯಲ್ಲಿ ಮೊದಲು ನಡೆದವರಲ್ಲಿ ಒಬ್ಬರು ಮಾರ್ಕ್ ಬರ್ಜೆಸ್. ನಾರ್ವೆಯ ಓಸ್ಲೋ ವಿಶ್ವವಿದ್ಯಾಲಯದಲ್ಲಿದ್ದಾಗ, 1993ರಲ್ಲಿ, ಸಿಎಫ್‌ಎಂಜಿನ್ ಅನ್ನೋ ಟೂಲ್ ಬರೆದರು. ಯಂತ್ರ ಯಾವ ಸ್ಥಿತಿಯಲ್ಲೇ ಇರಲಿ, ಅದನ್ನು ಮತ್ತೆ ಮತ್ತೆ ಬೇಕಾದ ಸ್ಥಿತಿಯ ಕಡೆಗೆ ಎಳೆದು ತರೋದು ಅದರ ಕೆಲಸ. 2005ರಲ್ಲಿ ಪಪೆಟ್ ಬಂತು. 2014 ದೊಡ್ಡ ವರ್ಷ. ಜೂನ್‌ನಲ್ಲಿ ಗೂಗಲ್ ಕುಬರ್ನೆಟೀಸ್ ಅನ್ನು ಎಲ್ಲರಿಗೂ ತೆರೆದಿಟ್ಟಿತು. ಜುಲೈನಲ್ಲಿ ಹ್ಯಾಶಿಕಾರ್ಪ್ ಸಂಸ್ಥೆಯ ಟೆರಾಫಾರ್ಮ್ ಬಂತು.

ಕುಬರ್ನೆಟೀಸ್ ನಮ್ಮ ಟ್ಯಾಂಕ್ ಕಂಟ್ರೋಲರ್ ಥರ. ಈ ಆ್ಯಪ್‌ನ ಮೂರು ಪ್ರತಿ ಓಡ್ತಾ ಇರಬೇಕು ಅಂತ ಬರೆದ್ರೆ, ಅದು ಸದಾ ಎಣಿಸ್ತಾ ಇರುತ್ತೆ. ಒಂದು ಸತ್ತರೆ ಇನ್ನೊಂದು ಎಬ್ಬಿಸುತ್ತೆ. ನೀವೇ ಬೇಕು ಅಂತ ಒಂದನ್ನು ಅಳಿಸಿದ್ರೂ ಮತ್ತೆ ಬರುತ್ತೆ! ಹೊಸಬರು ಇದನ್ನು ನೋಡಿ ತಬ್ಬಿಬ್ಬಾಗ್ತಾರೆ. ಟ್ಯಾಂಕ್ ತೊಳೆಯೋಕೆ ಅಂತ ನೀರು ಬಿಟ್ಟರೆ, ಕಂಟ್ರೋಲರ್ ಕೆಳಗಿಂದ ಮೋಟರ್ ಹಾಕಿದ ಹಾಗೆ. ಅದಕ್ಕೆ ನಿಮ್ಮ ಉದ್ದೇಶ ಗೊತ್ತಿಲ್ಲ, ಮಟ್ಟ ಮಾತ್ರ ಗೊತ್ತು. ಪೈಪ್ ಒಡೆದಿದ್ರೂ ಅದು ನೀರೆತ್ತುತ್ತಲೇ ಇರುತ್ತೆ, ಸಂಪು ಬತ್ತುವ ತನಕ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಟೆರಾಫಾರ್ಮ್ ಸ್ವಲ್ಪ ಬೇರೆ. ಅದು ಸದಾ ಓಡೋದಿಲ್ಲ, ನೀವು ಕರೆದಾಗ ಕೆಲಸ ಮಾಡುತ್ತೆ. ಅದು ಮೂರು ವಿಷಯ ನೋಡುತ್ತೆ. ಒಂದು, ನೀವು ಬರೆದ ಫೈಲ್, ಅಂದ್ರೆ ಏನು ಬೇಕು ಅನ್ನೋದು. ಎರಡು, ಸ್ಟೇಟ್ ಅನ್ನೋ ಅದರದ್ದೇ ನೆನಪಿನ ಪುಸ್ತಕ, ಅಂದ್ರೆ ಹಿಂದೆ ತಾನು ಏನೇನು ಮಾಡಿದ್ದೆ ಅನ್ನೋದು. ಮೂರು, ಕ್ಲೌಡ್‌ನಲ್ಲಿ ಈಗ ನಿಜವಾಗಿ ಏನಿದೆ ಅನ್ನೋದು. ಮೂರನ್ನೂ ಹೋಲಿಸಿ, ಏನೇನು ಬದಲಾಗಬೇಕು ಅಂತ ಒಂದು ಪಟ್ಟಿ ತೋರಿಸುತ್ತೆ. ಅದೇ ಪ್ಲಾನ್. ಆಮೇಲೆ, ಮುಂದುವರಿಯಲಾ ಅಂತ ಕೇಳುತ್ತೆ. ನೀವು ‘ಯೆಸ್’ ಅಂತ ಟೈಪ್ ಮಾಡಿದ್ರೆ ಮಾತ್ರ ಕೆಲಸ ಶುರು.

ಈ ನೆನಪಿನ ಪುಸ್ತಕದ ಬಗ್ಗೆ ಎರಡು ಎಚ್ಚರಿಕೆ. ಅದರಲ್ಲಿ ಪಾಸ್‌ವರ್ಡ್‌ನಂಥ ಗುಟ್ಟುಗಳೂ ಬರಿಗಣ್ಣಿಗೆ ಕಾಣೋ ಹಾಗೆ ಕೂತಿರಬಹುದು. ಆದ್ದರಿಂದ ಅದನ್ನು ಗಿಟ್‌ಗೆ ಹಾಕಬೇಡಿ. ಮತ್ತೆ, ಇಬ್ಬರು ಒಂದೇ ಸಲ ಅದರಲ್ಲಿ ಬರೆಯಬಾರದು, ಅದಕ್ಕೆ ಲಾಕ್ ವ್ಯವಸ್ಥೆ ಇರುತ್ತೆ. ಅರ್ಜೆಂಟ್ ಅಂತ ಆ ಲಾಕ್ ಒಡೆಯೋ ಮುಂಚೆ, ನಿಜವಾಗಿ ಬೇರೆ ಯಾರೂ ಕೆಲಸ ಮಾಡ್ತಾ ಇಲ್ವಾ ಅಂತ ಟೀಮ್‌ನಲ್ಲಿ ಕೇಳಿ.

ಇವತ್ತು ನಾನು ಹೇಳಬೇಕಾದ ಮುಖ್ಯ ಮಾತು ಇಲ್ಲೇ ಇದೆ. ಹಳೆ ರೀತಿಯಲ್ಲಿ ಎಂಜಿನಿಯರ್‌ನ ಕೌಶಲ ಕಮಾಂಡ್ ಟೈಪ್ ಮಾಡೋದ್ರಲ್ಲಿತ್ತು. ಹೊಸ ರೀತಿಯಲ್ಲಿ ದಾರಿ ಹುಡುಕೋದು ಟೂಲ್‌ನ ಕೆಲಸ, ಆ ದಾರಿ ಸರಿ ಇದೆಯಾ ಅಂತ ಓದಿ ನೋಡೋದು ನಮ್ಮ ಕೆಲಸ. ಬರೆಯೋ ಶ್ರಮ ಕಮ್ಮಿ ಆಗಿದೆ, ಓದೋ ಜವಾಬ್ದಾರಿ ಜಾಸ್ತಿ ಆಗಿದೆ. ಈಗಂತೂ ಆ ಫೈಲ್‌ಗಳನ್ನು ಎಐ ಕೂಡ ಬರೆದುಕೊಡುತ್ತೆ. ಆದರೆ ‘ಯೆಸ್’ ಅಂತ ಟೈಪ್ ಮಾಡೋ ಕೈ ನಿಮ್ಮದೇ.

ಗುಲ್ಬರ್ಗಾ ಕೆಡವಿ ಕಲಬುರಗಿ ಕಟ್ಟು!

ಈಗ ಡೇಟಾಬೇಸ್‌ಗೆ ಬರೋಣ. ಇದು ಸರ್ವರ್‌ಗಿಂತ ಕಷ್ಟದ ಜಾಗ.

ಡೇಟಾಬೇಸ್‌ನಲ್ಲಿ ಯಾವ ಟೇಬಲ್‌ಗಳಿವೆ, ಯಾವ ಕಾಲಂಗಳಿವೆ, ಯಾವುದರಲ್ಲಿ ಸಂಖ್ಯೆ, ಯಾವುದರಲ್ಲಿ ಅಕ್ಷರ ಅನ್ನೋ ಚೌಕಟ್ಟಿಗೆ ಸ್ಕೀಮಾ ಅಂತಾರೆ. ಆ್ಯಪ್ ಬೆಳೆದ ಹಾಗೆ ಇದೂ ಬದಲಾಗುತ್ತೆ. ರೂಢಿಯಲ್ಲಿರೋ ವಿಧಾನ ಮೈಗ್ರೇಷನ್. ಒಂದು, ಎರಡು, ಮೂರು ಅಂತ ನಂಬರ್ ಹಾಕಿದ ಫೈಲ್‌ಗಳು. ಒಂದೊಂದರಲ್ಲೂ ‘ಈ ಕಾಲಂ ಸೇರಿಸು, ಆ ಟೇಬಲ್ ಬದಲಿಸು’ ಅನ್ನೋ ಆದೇಶ. ರೂಬಿ ಆನ್ ರೈಲ್ಸ್ ಇದನ್ನು ಜನಪ್ರಿಯ ಮಾಡಿತು. ಲಿಕ್ವಿಬೇಸ್, ಫ್ಲೈವೇ ಕೂಡ ಇದೇ ದಾರಿ. ಇದರ ತೊಂದರೆ ಏನಂದ್ರೆ, ಇನ್ನೂರು ಫೈಲ್ ಆದ ಮೇಲೆ ‘ಈಗ ಈ ಟೇಬಲ್ ಹೇಗಿದೆ’ ಅಂತ ಹೊಸಬರು ಕೇಳಿದ್ರೆ, ಅಷ್ಟೂ ಫೈಲ್ ಓದಿ ಮನಸ್ಸಿನಲ್ಲೇ ಕೂಡಿ ಕಳೆದು ಹೇಳಬೇಕಾಗುತ್ತೆ.

ಡಿಕ್ಲೇರೇಟಿವ್ ರೀತಿಯಲ್ಲಿ ಟೇಬಲ್ ಹೇಗಿರಬೇಕು ಅಂತ ಒಂದೇ ಕಡೆ ಬರೆದಿರುತ್ತೆ. ಅಟ್ಲಾಸ್, ಮೈಎಸ್‌ಕ್ಯೂಎಲ್‌ಗಾಗಿ ಇರೋ ಸ್ಕೀಮಾ ಅನ್ನೋದೇ ಹೆಸರಿನ ಟೂಲ್, ಎಸ್‌ಕ್ಯೂಎಲ್‌ಡೆಫ್, ಇವೆಲ್ಲ ಬರೆದದ್ದನ್ನೂ ಇರೋದನ್ನೂ ಹೋಲಿಸಿ ವ್ಯತ್ಯಾಸ ಹುಡುಕಿ, ಬೇಕಾದ ಎಸ್‌ಕ್ಯೂಎಲ್ ತಾವೇ ತಯಾರಿಸುತ್ತವೆ. ಓದೋಕೆ ಸುಲಭ, ರಿವ್ಯೂ ಮಾಡೋಕೂ ಸುಲಭ.

ಹಾಗಾದ್ರೆ ಕಷ್ಟ ಎಲ್ಲಿ? ನಿಮಗೆ ಗೊತ್ತಿರೋ ಒಂದು ವಿಷಯದಿಂದ ಹೇಳ್ತೀನಿ. 2014ರ ನವೆಂಬರ್ 1ರಂದು ನಮ್ಮ ರಾಜ್ಯದ 12 ನಗರಗಳ ಹೆಸರು ಅಧಿಕೃತವಾಗಿ ಬದಲಾಯ್ತು. ಗುಲ್ಬರ್ಗಾ ಕಲಬುರಗಿ ಆಯ್ತು, ಬಿಜಾಪುರ ವಿಜಯಪುರ ಆಯ್ತು. ಅಕ್ಟೋಬರ್ 31ರ ನಗರಗಳ ಪಟ್ಟಿ, ನವೆಂಬರ್ 1ರ ಪಟ್ಟಿ, ಎರಡನ್ನೂ ನಮ್ಮ ನಾಡಿನ ಬಗ್ಗೆ ಏನೂ ಗೊತ್ತಿಲ್ಲದ ಒಬ್ಬರ ಕೈಗೆ ಕೊಡಿ. ಹಳೆಯದನ್ನು ಹೊಸದರ ಹಾಗೆ ಮಾಡಲು ಏನು ಮಾಡಬೇಕು ಅಂತ ಕೇಳಿ. ಅವರು ಲೆಕ್ಕ ಹಾಕಿ ಹೇಳ್ತಾರೆ: ಹೊಸ ಪಟ್ಟಿಯಲ್ಲಿ ಗುಲ್ಬರ್ಗಾ ಇಲ್ಲ, ಅದನ್ನು ಕೆಡವಿ. ಕಲಬುರಗಿ ಅಂತ ಒಂದು ಹೊಸದಾಗಿ ಬಂದಿದೆ, ಅದನ್ನು ಕಟ್ಟಿ.

ನಗು ಬರುತ್ತೆ, ಅಲ್ವಾ? ಡೇಟಾಬೇಸ್ ಟೂಲ್‌ಗಳಿಗೆ ಆಗೋ ಸಮಸ್ಯೆ ಇದೇ. ನೀವು ‘ಫೋನ್’ ಅನ್ನೋ ಕಾಲಂ ಹೆಸರನ್ನು ‘ಮೊಬೈಲ್’ ಅಂತ ಬದಲಿಸಿದ್ದೀರಿ. ಫೈಲ್‌ನಲ್ಲಿ ಒಂದು ಪದ ತಿದ್ದಿದ್ದು ಅಷ್ಟೇ. ಟೂಲ್‌ಗೆ ಕಾಣೋದು ಬೇರೆ: ‘ಫೋನ್’ ಕಾಲಂ ಕಾಣೆಯಾಗಿದೆ, ಡ್ರಾಪ್ ಮಾಡು. ‘ಮೊಬೈಲ್’ ಹೊಸದು, ಸೇರಿಸು. ಕೊನೆಗೆ ಸ್ಕೀಮಾ ನೀವು ಬರೆದ ಹಾಗೇ ಇರುತ್ತೆ, ಒಂದಕ್ಷರ ತಪ್ಪಿಲ್ಲ. ಆದರೆ ಕಾಲಂ ಒಳಗಿದ್ದ ಲಕ್ಷಾಂತರ ಜನರ ನಂಬರ್ ಹೋಗಿರುತ್ತೆ. ಪ್ರಿಸ್ಮಾ ಅನ್ನೋ ಜನಪ್ರಿಯ ಟೂಲ್ ತನ್ನ ಕೈಪಿಡಿಯಲ್ಲೇ ಇದನ್ನು ಎಚ್ಚರಿಸಿದೆ. ಹೆಸರು ಬದಲಿಸಿದ್ರೆ ತಾನು ತಯಾರಿಸೋ ಎಸ್‌ಕ್ಯೂಎಲ್ ಅನ್ನು ಕೈಯಾರೆ ತಿದ್ದಿ ಅನ್ನುತ್ತೆ.

ಟೆರಾಫಾರ್ಮ್‌ಗೂ ಇದೇ ಸಮಸ್ಯೆ ಇತ್ತು. ಫೈಲ್‌ನಲ್ಲಿ ಒಂದು ಡೇಟಾಬೇಸ್‌ಗೆ ಕೊಟ್ಟ ಹೆಸರು ಬದಲಿಸಿದ್ರೆ, ಹಳೆಯದನ್ನು ನಾಶ ಮಾಡಿ ಹೊಸದು ಕಟ್ತೀನಿ ಅಂತಿತ್ತು. 2021ರ ಡಿಸೆಂಬರ್‌ನಲ್ಲಿ ಬಂದ 1.1 ಆವೃತ್ತಿಯಲ್ಲಿ ‘ಮೂವ್ಡ್’ ಅನ್ನೋ ಬ್ಲಾಕ್ ಸೇರಿಸಿದರು. ಇದು ಅದೇ, ಹೆಸರು ಮಾತ್ರ ಬೇರೆ ಅಂತ ಅದರಲ್ಲಿ ಬರೆದು ತಿಳಿಸಬಹುದು. ಗಮನಿಸಿ, ಇಲ್ಲಿ ಟೂಲ್ ಬುದ್ಧಿವಂತ ಆಗಲಿಲ್ಲ. ನಮ್ಮ ತಲೆಯಲ್ಲಿದ್ದ ಉದ್ದೇಶವನ್ನು ಬರೆಯೋಕೆ ಅದಕ್ಕೊಂದು ಜಾಗ ಬಂತು.

ಊರು ಬರೆದರೆ ದಾರಿ ಬರೆದಂತಲ್ಲ

ಇನ್ನೊಂದು ಕಷ್ಟ ಕ್ರಮದ್ದು. ಅದೇ ‘ಫೋನ್’ನಿಂದ ‘ಮೊಬೈಲ್’ ಬದಲಾವಣೆಯನ್ನು ಡೇಟಾ ಉಳಿಸಿಕೊಂಡು, ಆ್ಯಪ್ ಒಂದು ಕ್ಷಣವೂ ನಿಲ್ಲದ ಹಾಗೆ ಮಾಡಬೇಕು ಅಂದ್ರೆ ಹೀಗೆ ಮಾಡ್ತಾರೆ. ಮೊದಲು ಹೊಸ ಕಾಲಂ ಸೇರಿಸಿ, ಹಳೆಯದು ಇರಲಿ. ಆ್ಯಪ್ ಎರಡರಲ್ಲೂ ಬರೆಯೋ ಹಾಗೆ ಮಾಡಿ. ಹಳೆ ಡೇಟಾವನ್ನು ಸ್ವಲ್ಪ ಸ್ವಲ್ಪವಾಗಿ ಹೊಸದಕ್ಕೆ ಕಾಪಿ ಮಾಡಿ. ಓದೋದನ್ನು ಹೊಸದಕ್ಕೆ ತಿರುಗಿಸಿ. ಕೆಲವು ದಿನ ನೋಡಿ. ಎಲ್ಲಾ ಸರಿ ಇದ್ರೆ ಕೊನೆಗೆ ಹಳೆಯದು ತೆಗೆಯಿರಿ. ಮನೆ ಬದಲಿಸುವಾಗ ಹೊಸ ಮನೆ ಬೀಗದ ಕೈ ಬರೋ ಮುಂಚೆ ಹಳೆ ಮನೆ ಖಾಲಿ ಮಾಡ್ತೀವಾ? ಹಾಗೆ.

‘ಕೊನೆಗೆ ಮೊಬೈಲ್ ಕಾಲಂ ಇರಬೇಕು’ ಅನ್ನೋ ಒಂದೇ ವಾಕ್ಯದಲ್ಲಿ ಈ ಹೆಜ್ಜೆಗಳು ಯಾವುವೂ ಇಲ್ಲ. ಸರ್ವರ್ ಆದ್ರೆ ಒಡೆದು ಹೊಸದು ಕಟ್ಟಬಹುದು, ಅದರೊಳಗೆ ಉಳಿಸಿಕೊಳ್ಳುವಂಥದ್ದು ಹೆಚ್ಚಿಲ್ಲದಿದ್ದರೆ ಯಾರಿಗೂ ಗೊತ್ತಾಗಲ್ಲ. ಡೇಟಾಗೆ ಆ ಸ್ವಾತಂತ್ರ್ಯ ಇಲ್ಲ. ಒಂದು ವಾಕ್ಯ ಎಷ್ಟು ಹೊತ್ತು ತಗೊಳ್ಳುತ್ತೆ ಅನ್ನೋದೂ ಫೈಲ್ ನೋಡಿದ್ರೆ ಗೊತ್ತಾಗಲ್ಲ. ಉದಾಹರಣೆಗೆ, ಪೋಸ್ಟ್‌ಗ್ರೆಸ್‌ನಲ್ಲಿ ಡಿಫಾಲ್ಟ್ ಬೆಲೆ ಇರೋ ಹೊಸ ಕಾಲಂ ಸೇರಿಸಿದ್ರೆ ಹಿಂದೆ ಇಡೀ ಟೇಬಲ್ ಮತ್ತೆ ಬರೆಯಬೇಕಾಗ್ತಿತ್ತು, ಅಷ್ಟು ಹೊತ್ತು ಟೇಬಲ್ ಲಾಕ್. 2018ರಲ್ಲಿ ಬಂದ 11ನೇ ಆವೃತ್ತಿಯಿಂದ, ಆ ಬೆಲೆ ಸ್ಥಿರವಾಗಿದ್ದರೆ, ಅದು ಕ್ಷಣದ ಕೆಲಸ. ಎರಡರಲ್ಲೂ ಬರೆದ ಸಾಲು ಒಂದೇ. ಹಾಗಾಗಿ ನಿಮ್ಮ ಡೇಟಾಬೇಸ್‌ನ ಗುಣ ತಿಳಿದಿರಬೇಕು.

ನನ್ನ ಸಲಹೆ ಕೇಳಿದ್ರೆ, ಎರಡೂ ರೀತಿ ಸೇರಿಸಿ ಬಳಸಿ. ಸ್ಕೀಮಾ ಹೇಗಿರಬೇಕು ಅಂತ ಒಂದೇ ಕಡೆ ಬರೆದಿಡಿ. ವ್ಯತ್ಯಾಸ ಹುಡುಕಿ ಮೈಗ್ರೇಷನ್ ಫೈಲ್ ತಯಾರಿಸೋ ಕೆಲಸ ಟೂಲ್ ಮಾಡಲಿ. ಅಟ್ಲಾಸ್‌ನಂಥ ಟೂಲ್‌ಗಳಲ್ಲಿ ಈ ಸೌಲಭ್ಯ ಇದೆ. ಆ ಫೈಲನ್ನು ಇಬ್ಬರು ಓದಿ, ಬೇಕಾದಲ್ಲಿ ತಿದ್ದಿ, ಆಮೇಲೆ ಓಡಿಸಿ. ಪ್ರೊಡಕ್ಷನ್ ಡೇಟಾಬೇಸ್ ಮೇಲೆ ಓದದ ಎಸ್‌ಕ್ಯೂಎಲ್ ನೇರವಾಗಿ ಓಡಬಾರದು.

ಬರೆಯದೆ ಬಿಟ್ಟದ್ದಕ್ಕೂ ಅರ್ಥ ಇದೆ

ಮನುಷ್ಯರ ಮಾತಲ್ಲಿ, ಹೇಳದೆ ಬಿಟ್ಟದ್ದನ್ನು ಎದುರಿಗಿರೋರು ಅಂದಾಜು ಮಾಡ್ತಾರೆ. ಈ ಟೂಲ್‌ಗಳಲ್ಲಿ ಹಾಗಲ್ಲ. ಟೆರಾಫಾರ್ಮ್ ಫೈಲ್‌ನಿಂದ ಒಂದು ಡೇಟಾಬೇಸ್‌ನ ಬ್ಲಾಕ್ ತೆಗೆದುಬಿಟ್ಟರೆ, ಅದು ಬೇಡ, ನಾಶ ಮಾಡು ಅಂತ ಅರ್ಥ. ಬ್ಲಾಕ್ ಒಳಗಿನ ಒಂದು ಸಾಲು ಬರೆಯದಿದ್ದರೆ, ಅಲ್ಲಿ ಬೇರೆ ಯಾರೋ ಮೊದಲೇ ಆರಿಸಿಟ್ಟ ಡಿಫಾಲ್ಟ್ ಬಂದು ಕೂರಬಹುದು.

‘ಪ್ರಿವೆಂಟ್ ಡೆಸ್ಟ್ರಾಯ್’ ಅನ್ನೋ ಒಂದು ರಕ್ಷಣೆ ಟೆರಾಫಾರ್ಮ್‌ನಲ್ಲಿದೆ, ಹಾಕಿದ್ರೆ ನಾಶ ಮಾಡೋ ಪ್ಲಾನ್ ಬಂದಾಗ ತಡೆಯುತ್ತೆ. ತುಂಬಾ ಜನ ಇದನ್ನು ನಂಬಿ ಕೂರ್ತಾರೆ. ಆದರೆ ಆ ಸಾಲು ಇರೋದು ಬ್ಲಾಕ್ ಒಳಗೇ. ಇಡೀ ಬ್ಲಾಕ್ ತೆಗೆದರೆ ಆ ಸಾಲೂ ಹೋಯ್ತು, ರಕ್ಷಣೆಯೂ ಹೋಯ್ತು. ಬಾಗಿಲನ್ನೇ ಕಿತ್ತುಕೊಂಡು ಹೋದರೆ ಅದಕ್ಕೆ ಹಾಕಿದ್ದ ಬೀಗ ಏನು ಮಾಡುತ್ತೆ? ಅದಕ್ಕೇ ಕ್ಲೌಡ್ ಕಡೆಯಲ್ಲೂ ಡಿಲೀಷನ್ ಪ್ರೊಟೆಕ್ಷನ್ ಹಾಕಿರಿ. ಅದು ನಿಮ್ಮ ಫೈಲ್‌ನ ಹೊರಗೆ ನಿಂತು ಕಾಯುತ್ತೆ.

ಬಿಟ್ಟ ಸಾಲಿನ ಬೆಲೆ ಎಷ್ಟು ಅಂತ ಆಸ್ಟ್ರೇಲಿಯಾದ ಯೂನಿಸೂಪರ್ ಅನ್ನೋ ಪಿಂಚಣಿ ನಿಧಿ ನೋಡಿತು. ಆರು ಲಕ್ಷಕ್ಕೂ ಹೆಚ್ಚು ಸದಸ್ಯರ ನಿವೃತ್ತಿ ಹಣ ನೋಡಿಕೊಳ್ಳೋ ಸಂಸ್ಥೆ ಅದು. 2024ರ ಮೇ ತಿಂಗಳಲ್ಲಿ ಗೂಗಲ್ ಕ್ಲೌಡ್‌ನಲ್ಲಿದ್ದ ಅದರ ಪ್ರೈವೇಟ್ ಕ್ಲೌಡ್ ಅಳಿಸಿಹೋಯ್ತು. ಸದಸ್ಯರಿಗೆ ಸುಮಾರು ಒಂದು ವಾರ ತಮ್ಮ ಖಾತೆ ನೋಡೋಕೆ ಆಗಲಿಲ್ಲ. ಗೂಗಲ್ ಆಮೇಲೆ ಕೊಟ್ಟ ವಿವರಣೆ ಹೀಗಿದೆ: ಆ ವ್ಯವಸ್ಥೆ ಕಟ್ಟುವಾಗ ತಮ್ಮ ಒಳಗಿನ ಒಂದು ಟೂಲ್‌ನಲ್ಲಿ ಒಂದು ಪ್ಯಾರಾಮೀಟರ್ ಖಾಲಿ ಬಿಡಲಾಗಿತ್ತು. ಖಾಲಿ ಬಿಟ್ಟಿದ್ದರಿಂದ ಡಿಫಾಲ್ಟ್ ಆಗಿ ಒಂದು ವರ್ಷದ ಅವಧಿ ಬಂದು ಕೂತಿತು. ಅವಧಿ ಮುಗಿದಾಗ ಅದು ತಾನಾಗೇ ಅಳಿಸಿಕೊಂಡಿತು. ಇದು ಟೆರಾಫಾರ್ಮ್‌ನ ಕಥೆ ಅಲ್ಲ, ಆದರೆ ಪಾಠ ಅದೇ. ಒಂದು ಖಾಲಿ ಜಾಗ ಒಂದು ವರ್ಷ ಸುಮ್ಮನೆ ಕಾದು ಕೂತಿತ್ತು. ಯೂನಿಸೂಪರ್‌ನವರು ಬೇರೊಂದು ಸಂಸ್ಥೆಯಲ್ಲೂ ಬ್ಯಾಕಪ್ ಇಟ್ಟಿದ್ದರು, ಮರಳಿ ಕಟ್ಟೋಕೆ ಅದೂ ನೆರವಾಯ್ತು.

ಬ್ಯಾಕಪ್ ಇರಬೇಕು ಅಂತ ಬರೆದರೆ ಸಾಕಾ?

ಬ್ಯಾಕಪ್ ಅಂದ ತಕ್ಷಣ ಇನ್ನೊಂದು ಘಟನೆ ಹೇಳಲೇಬೇಕು. 2017ರ ಜನವರಿ 31ರ ರಾತ್ರಿ ಗಿಟ್‌ಲ್ಯಾಬ್ ಸಂಸ್ಥೆಯ ಒಬ್ಬ ಎಂಜಿನಿಯರ್, ಎರಡನೇ ಡೇಟಾಬೇಸ್ ಸರ್ವರ್‌ನಲ್ಲಿದ್ದೀನಿ ಅಂದುಕೊಂಡು ಮುಖ್ಯ ಸರ್ವರ್‌ನಲ್ಲೇ ಡಿಲೀಟ್ ಕಮಾಂಡ್ ಓಡಿಸಿದರು. ಗೊತ್ತಾಗಿ ನಿಲ್ಲಿಸೋ ಹೊತ್ತಿಗೆ ಸುಮಾರು 300 ಜಿಬಿ ಹೋಗಿತ್ತು. ಸರಿ, ಬ್ಯಾಕಪ್ ಇದೆಯಲ್ಲ ಅಂತ ನೋಡಿದ್ರೆ, ದಿನದ ಬ್ಯಾಕಪ್ ಇರಬೇಕಾದ ಜಾಗ ಖಾಲಿ! ಡೇಟಾಬೇಸ್ ಪೋಸ್ಟ್‌ಗ್ರೆಸ್ 9.6, ಬ್ಯಾಕಪ್ ತೆಗೆಯೋ ಪ್ರೋಗ್ರಾಂ 9.2. ಹೊಂದಾಣಿಕೆ ಆಗದೆ ಪ್ರತಿ ಸಲ ಫೇಲ್ ಆಗ್ತಾ ಇತ್ತು. ಫೇಲ್ ಆಯ್ತು ಅಂತ ತಿಳಿಸೋ ಇಮೇಲ್‌ಗಳೂ ತಿರಸ್ಕೃತವಾಗ್ತಿದ್ದವು. ಅದೃಷ್ಟಕ್ಕೆ ಆರು ಗಂಟೆ ಹಿಂದೆ ಬೇರೆ ಕಾರಣಕ್ಕೆ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್ ಇತ್ತು. ಅದರಿಂದ ಮರಳಿ ತಂದರು. ಆ ಆರು ಗಂಟೆಯ ಡೇಟಾ ಹೋಯ್ತು. ಗಿಟ್‌ಲ್ಯಾಬ್‌ನವರು ಇದನ್ನು ಮುಚ್ಚಿಡಲಿಲ್ಲ. ರಿಪೇರಿಯನ್ನು ಯೂಟ್ಯೂಬ್‌ನಲ್ಲಿ ಲೈವ್ ತೋರಿಸಿದರು, ಆಮೇಲೆ ಪೂರ್ತಿ ವರದಿ ಬರೆದರು.

‘ಬ್ಯಾಕಪ್ ಇರಬೇಕು’ ಅನ್ನೋದು ಅಲ್ಲೂ ಬರೆದಿತ್ತು, ಆದರೆ ಬ್ಯಾಕಪ್ ಇರಲಿಲ್ಲ. ಪೈಪ್ ಒಡೆದ ಟ್ಯಾಂಕ್ ನೆನಪಿದೆಯಲ್ಲ? ಕಂಟ್ರೋಲರ್ ಇದೆ ಅಂತ ಟ್ಯಾಂಕ್ ಹತ್ತಿ ನೋಡೋದೇ ಬಿಟ್ಟರೆ, ನಲ್ಲಿ ತಿರುಗಿಸಿದ ದಿನವೇ ಗೊತ್ತಾಗೋದು. ಬ್ಯಾಕಪ್‌ಗೂ ಅಷ್ಟೇ. ತಿಂಗಳಿಗೊಮ್ಮೆಯಾದರೂ ಬೇರೆ ಸರ್ವರ್‌ನಲ್ಲಿ ರಿಸ್ಟೋರ್ ಮಾಡಿ ನೋಡಿ.

ಯಾವ ಟೂಲ್ ಕಲಿಯಲಿ?

ಕೇಳುಗರು ಈ ಪ್ರಶ್ನೆ ಕೇಳೇ ಕೇಳ್ತಾರೆ. 2023ರ ಆಗಸ್ಟ್‌ನಲ್ಲಿ ಹ್ಯಾಶಿಕಾರ್ಪ್ ಟೆರಾಫಾರ್ಮ್‌ನ ಲೈಸೆನ್ಸ್ ಬದಲಿಸಿತು. ಓಪನ್ ಸೋರ್ಸ್ ಲೈಸೆನ್ಸ್ ಬಿಟ್ಟು, ಸ್ಪರ್ಧಿಗಳಿಗೆ ನಿರ್ಬಂಧ ಇರೋ ಬಿಸಿನೆಸ್ ಸೋರ್ಸ್ ಲೈಸೆನ್ಸ್‌ಗೆ ಹೋಯ್ತು. ಸಿಟ್ಟಾದ ಸಮುದಾಯ ಹಳೆ ಕೋಡ್‌ನಿಂದ ಓಪನ್‌ಟೋಫು ಕಟ್ಟಿತು. ಅದು ಲಿನಕ್ಸ್ ಫೌಂಡೇಶನ್ ಅಡಿ ಬಂತು, 2024ರ ಜನವರಿಯಲ್ಲಿ ಬಳಕೆಗೆ ಸಿದ್ಧವಾಯ್ತು. ಹ್ಯಾಶಿಕಾರ್ಪ್ ಅನ್ನು 640 ಕೋಟಿ ಡಾಲರ್‌ಗೆ ಕೊಳ್ಳೋದಾಗಿ ಐಬಿಎಂ 2024ರ ಏಪ್ರಿಲ್‌ನಲ್ಲಿ ಘೋಷಿಸಿತು, 2025ರಲ್ಲಿ ಖರೀದಿ ಮುಗಿಯಿತು. ಹೆಸರು, ಮಾಲೀಕರು ಬದಲಾಗ್ತಾನೇ ಇರ್ತಾರೆ. ಒಂದರಲ್ಲಿ ಪ್ಲಾನ್ ಓದೋದು ಚೆನ್ನಾಗಿ ಕಲಿತರೆ ಇನ್ನೊಂದಕ್ಕೆ ಹೋಗೋದು ಕಷ್ಟ ಇಲ್ಲ.

ಕಲಿಯೋಕೆ ಕ್ಲೌಡ್ ಅಕೌಂಟ್, ಕ್ರೆಡಿಟ್ ಕಾರ್ಡ್ ಏನೂ ಬೇಡ. ಲ್ಯಾಪ್‌ಟಾಪ್‌ನಲ್ಲಿ ಪೋಸ್ಟ್‌ಗ್ರೆಸ್ ಹಾಕಿಕೊಳ್ಳಿ. ಒಂದು ಟೇಬಲ್ ಮಾಡಿ, ಹತ್ತು ಸಾಲು ಡೇಟಾ ತುಂಬಿಸಿ. ಎಸ್‌ಕ್ಯೂಎಲ್‌ಡೆಫ್ ಅಥವಾ ಅಟ್ಲಾಸ್ ಬಳಸಿ ಒಂದು ಕಾಲಂನ ಹೆಸರು ಬದಲಿಸಿ ನೋಡಿ. ಟೂಲ್ ಏನು ಮಾಡೋಕೆ ಹೊರಡುತ್ತೆ ಅಂತ ಓದಿ. ಆ ಕಾಲಂನಲ್ಲಿದ್ದ ನಿಮ್ಮದೇ ಡೇಟಾ ಹೇಗೆ ಮಾಯವಾಗಬಹುದು ಅನ್ನೋದನ್ನು ಒಂದ್ಸಲ ಕಣ್ಣಾರೆ ನೋಡಿದ್ರೆ, ಈ ಇಡೀ ಸಂಚಿಕೆಗಿಂತ ಹೆಚ್ಚು ಕಲಿತ ಹಾಗೆ.

ಕೊನೆಯದಾಗಿ, ಪ್ಲಾನ್ ಓದೋದು ಹೇಗೆ ಅಂತ ಹೇಳಿ ಮುಗಿಸ್ತೀನಿ. ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಳ್ಳಿ.

ಒಂದು, ಮೊದಲು ಕೊನೆ ಸಾಲು ನೋಡಿ. ಎಷ್ಟು ಸೇರಿಸ್ತೀನಿ, ಎಷ್ಟು ಬದಲಿಸ್ತೀನಿ, ಎಷ್ಟು ನಾಶ ಮಾಡ್ತೀನಿ ಅಂತ ಅಲ್ಲಿರುತ್ತೆ. ನಾಶದ ಜಾಗದಲ್ಲಿ ಸೊನ್ನೆ ಇಲ್ಲ ಅಂದ್ರೆ ಅಲ್ಲೇ ನಿಲ್ಲಿ.

ಎರಡು, ಮೈನಸ್ ಮತ್ತು ಪ್ಲಸ್ ಚಿಹ್ನೆ ಒಟ್ಟಿಗೆ ಇರೋ ಸಾಲು ಹುಡುಕಿ. ಅದರ ಅರ್ಥ ಬದಲಾವಣೆ ಅಲ್ಲ, ಒಡೆದು ಮತ್ತೆ ಕಟ್ಟೋದು. ಒಳಗೆ ಡೇಟಾ ಇದ್ರೆ ಏನಾಗುತ್ತೆ ಅಂತ ಕೇಳಿಕೊಳ್ಳಿ.

ಮೂರು, ನೀವು ಮುಟ್ಟದೇ ಇರೋದು ಪ್ಲಾನ್‌ನಲ್ಲಿ ಕಾಣಿಸಿದ್ರೆ, ಯಾರೋ ಕೈಯಿಂದ ಏನೋ ಮಾಡಿದ್ದಾರೆ ಅಂತ ಅನುಮಾನ ಪಡಿ. ಅದನ್ನು ಅಳಿಸೋ ಮುಂಚೆ ಅವರನ್ನು ಹುಡುಕಿ ಕೇಳಿ. ಅರ್ಧರಾತ್ರಿ ಸೈಟ್ ಉಳಿಸೋಕೆ ಮಾಡಿದ ಬದಲಾವಣೆ ಅದಾಗಿರಬಹುದು.

ನಾಲ್ಕು, ಡೇಟಾಬೇಸ್ ಆದ್ರೆ ‘ಡ್ರಾಪ್’ ಅನ್ನೋ ಪದ ಹುಡುಕಿ. ಸಿಕ್ಕರೆ, ಅದು ನಿಜವಾಗಿ ಹೆಸರು ಬದಲಾವಣೆಯಾ ಅಂತ ನೋಡಿ.

ಐದು, ಓದಿದ ಪ್ಲಾನನ್ನೇ ಸೇವ್ ಮಾಡಿ, ಅದನ್ನೇ ಅಪ್ಲೈ ಮಾಡಿ. ಓದಿದ್ದು ಒಂದು, ಓಡಿದ್ದು ಇನ್ನೊಂದು ಆಗಬಾರದು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಸೀನಿಯರ್ ಯಾರಾದರೂ ‘ಏನಿಲ್ಲಪ್ಪ, ಯೆಸ್ ಕೊಡು’ ಅಂದ್ರೆ, ‘ಸರ್, ಎರಡು ನಿಮಿಷ ಓದ್ತೀನಿ’ ಅನ್ನೋಕೆ ಸಂಕೋಚ ಪಡಬೇಡಿ. ಮೇಡಂ ಇದ್ದರೂ ಅದೇ ಉತ್ತರ. ಒಳ್ಳೆ ಸೀನಿಯರ್ ಬೇಜಾರು ಮಾಡಿಕೊಳ್ಳಲ್ಲ, ಪಕ್ಕದಲ್ಲಿ ಕೂತು ಜೊತೆಗೇ ಓದ್ತಾರೆ.

ಮತ್ತೆ ಮುಂದಿನ ಸಂಚಿಕೆಯಲ್ಲಿ ಸಿಗೋಣ. ನಿಮ್ಮ ಪ್ರಶ್ನೆ ಇದ್ರೆ ಬರೆದು ಕಳಿಸಿ, ಈ ಕೆಲಸಕ್ಕೆ ಹೊಸದಾಗಿ ಸೇರಿರೋ ಸ್ನೇಹಿತರಿದ್ರೆ ಅವರಿಗೂ ಕಳಿಸಿ.